ಆಕಾಶ ಯಾರ ಆಸ್ತಿ?

೨೦೧೯ರ ಡಿಸೆಂಬರ್ ೨೬ರಂದು ಸೂರ್ಯಗ್ರಹಣವಾದಾಗ ಕಲಬುರಗಿ ಜಿಲ್ಲೆಯ ತಾಜ್‌ಸುಲ್ತಾನ್‌ಪುರದಲ್ಲಿ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತರು. ಹಾಗೆ ಮಾಡಿದರೆ ಊನ ವಾಸಿಯಾಗುವುದೆಂಬ ನಂಬಿಕೆ. ಆ ತಾಯಿತಂದೆಗಳನ್ನು ಮೂಢರೆಂದು ಜರೆಯುವುದು ಸುಲಭ. ನಾವು ಜರೆಯುವುದಿಲ್ಲ. ನಾವು ಕೇಳುವುದಿಷ್ಟೆ: ಆ ಊರಿಗೆ ವೈದ್ಯನನ್ನೂ ವಿಜ್ಞಾನವನ್ನೂ ಮೊದಲೇ ಮುಟ್ಟಿಸಬೇಕಾಗಿದ್ದವರು ಎಲ್ಲಿದ್ದರು?

ಇದು ಹೊಸ ಕಥೆಯಲ್ಲ. ೧೯೮೦ರ ಫೆಬ್ರವರಿ ೧೬ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಜಿಲ್ಲೆಯ ಜವಳಗೇರಾಗಳ ಮೇಲೆ ಪೂರ್ಣಗ್ರಹಣದ ನೆರಳು ಹಾದುಹೋಯಿತು. ದೇಶವಿದೇಶದ ವಿಜ್ಞಾನಿಗಳು ಯಂತ್ರಗಳನ್ನು ಹೊತ್ತು ಬಂದರು. ನಮ್ಮ ಜನರಲ್ಲಿ ಬಹುಮಂದಿ ಕದವಿಕ್ಕಿ ಒಳಗೆ ಕುಳಿತರು. ನೋಟ ಅವರ ಪಾಲಾಯಿತು, ಭಯ ನಮ್ಮ ಪಾಲಿಗೆ ಉಳಿಯಿತು.

ಭಯಪಡುವಂಥದೇನಿದೆ? ಸೂರ್ಯನ ಅಡ್ಡಳತೆ ಚಂದ್ರನದಕ್ಕಿಂತ ಸುಮಾರು ೪೦೦ ಪಟ್ಟು. ಅವನಿರುವ ದೂರವೂ ಸುಮಾರು ೪೦೦ ಪಟ್ಟು. ಅದರಿಂದ ಎರಡೂ ಬಿಂಬಗಳು ಕಣ್ಣಿಗೆ ಹೆಚ್ಚುಕಡಮೆ ಸಮನಾಗಿ ಕಾಣುತ್ತವೆ. ಚಂದ್ರ ಅಡ್ಡಬಂದರೆ ಸೂರ್ಯ ಮರೆಯಾಗುತ್ತಾನೆ. ನುಂಗುವ ರಾಹುವಿಲ್ಲ, ಅನ್ನಕ್ಕೆ ವಿಷ ಸೇರುವುದೂ ಇಲ್ಲ. ಗ್ರಹಣವೆಂದು ಬಾಗಿಲು ಹಾಕಿದ ಚಿಲ್ಲರೆ ವ್ಯಾಪಾರಿಗೆ ಆ ದಿನದ ಬಡ್ಡಿ ಬಿಡುವವರುಂಟೇ? ಪಾಳಿ ತಪ್ಪಿಸಿಕೊಂಡ ಗಿರಣಿ ಕಾರ್ಮಿಕನಿಗೆ ಕೂಲಿ ಕೊಡುವವರುಂಟೇ? ಗ್ರಹಣಶಾಂತಿಯ ದಕ್ಷಿಣೆ ಎಣಿಸುವವನಿಗೆ ಮಾತ್ರ ಲಾಭ.

ಬೆಂಗಳೂರಿನಲ್ಲಿ ೧೯೮೯ರಿಂದ ತಾರಾಲಯವಿದೆ. ಬಹಳ ಒಳ್ಳೆಯದು. ಆದರೆ ರಾತ್ರಿಪಾಳಿ ಮುಗಿಸಿದವನು ಹೆಂಡತಿ ಮಕ್ಕಳಿಗೆ ರೈಲು ಚಾರ್ಜು ತೆತ್ತು ಅಲ್ಲಿಗೆ ಹೋಗಿಯೇ ನಕ್ಷತ್ರ ತಿಳಿಯಬೇಕೇ? ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯವೆಂದು ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿಸಿದರು. ಕರ್ತವ್ಯ ನಮ್ಮದು ಸರಿ, ಸಲಕರಣೆ ಯಾರ ಹೊಣೆ?

ನಮ್ಮ ಬೇಡಿಕೆ ದೊಡ್ಡದಲ್ಲ. ತಾಲೂಕಿಗೊಂದು ದೂರದರ್ಶಕ ಬರಲಿ. ಸಣ್ಣದೇ ಸಾಕು; ಗುರುವಿನ ನಾಲ್ಕು ಚಂದ್ರರೂ ಶನಿಯ ಬಳೆಯೂ ಅದರಲ್ಲಿ ಕಾಣುತ್ತವೆ. ತಿಂಗಳಿಗೊಂದು ರಾತ್ರಿ ಅದು ಕಾರ್ಮಿಕರ ಚಾಳಿಗೆ, ಸಂತೆ ಮೈದಾನಕ್ಕೆ ಬರಲಿ. ವಿವರಣೆ ಕನ್ನಡದಲ್ಲಿರಲಿ, ಟಿಕೆಟ್ಟು ಬೇಡ.

೨೦೩೧ರ ಮೇ ೨೧ರಂದು ಕೇರಳ, ತಮಿಳುನಾಡುಗಳಲ್ಲಿ ಕಂಕಣಗ್ರಹಣ, ನಮ್ಮಲ್ಲಿ ಪಾರ್ಶ್ವಗ್ರಹಣ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿರಿ. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನುಕೊಟ್ಟು ನಿಂತು, ಬಿಳಿ ಕಾಗದದ ಮೇಲೆ ಬಿಂಬ ಬೀಳಿಸಿರಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಅಂಗಡಿ ತೆರೆದಿಡಿರಿ, ಮಕ್ಕಳನ್ನು ಬಯಲಿಗೆ ಕರೆತನ್ನಿರಿ. ಆ ದಿನ ಈ ನಾಡಿನಲ್ಲಿ ಒಂದು ಮಗುವನ್ನೂ ಮಣ್ಣಿನಲ್ಲಿ ಹೂಳಗೊಡಬಾರದು.