ವಜಾ ಆಗಲೆಂದೇ ಹಾಕುವ ಅರ್ಜಿ

ಹೈಕೋರ್ಟ್‌ನಲ್ಲಿ ಸರ್ಕಾರ ಸೋತರೆ ಮರುದಿನದ ಪತ್ರಿಕೆಯಲ್ಲಿ ಒಂದು ಸಾಲು ಗ್ಯಾರಂಟಿ: ‘ಸುಪ್ರೀಂ ಕೋರ್ಟ್ ಮೆಟ್ಟಿಲೇರಲು ನಿರ್ಧರಿಸಲಾಗಿದೆ’. ಈ ವಾರವೂ ಓದಿದೆ, ಮೈ ಉರಿಯಿತು. ನಿರ್ಧರಿಸಿದವರು ಯಾರು? ತೀರ್ಪನ್ನು ಪೂರ್ತಿ ಓದಿದರೇ? ಕೇಳುವವರಿಲ್ಲ.

ಸಂವಿಧಾನದ 136ನೇ ವಿಧಿ ಯಾರಿಗೂ ಮೇಲ್ಮನವಿಯ ಹಕ್ಕು ಕೊಟ್ಟಿಲ್ಲ. ಮೊದಲು ವಿಶೇಷ ಅನುಮತಿ ಬೇಡಬೇಕು. ಕೊಡುವುದೂ ಬಿಡುವುದೂ ನ್ಯಾಯಾಲಯದ ವಿವೇಚನೆ. ಈ ಅಧಿಕಾರವನ್ನು ತೀರಾ ಅಪರೂಪಕ್ಕೆ ಬಳಸಬೇಕೆಂದು ಸುಪ್ರೀಂ ಕೋರ್ಟ್ 1950ರಲ್ಲೇ, ಪ್ರೀತಂ ಸಿಂಗ್ ಪ್ರಕರಣದಲ್ಲಿ ಹೇಳಿಯಾಗಿದೆ. ಆಗ ಅಲ್ಲಿದ್ದದ್ದು 8 ನ್ಯಾಯಮೂರ್ತಿ ಹುದ್ದೆ. 2019ರಲ್ಲಿ 34 ಆಯಿತು. ಆದರೂ ಈ ವಿಶೇಷ ಅನುಮತಿ ಅರ್ಜಿಗಳ (ಎಸ್‌ಎಲ್‌ಪಿ) ರಾಶಿ ಕರಗಿಲ್ಲ.

ರಾಶಿಗೆ ಮಣ್ಣು ಹೊರುವವರಲ್ಲಿ ಸರ್ಕಾರವೇ ಮುಂದು ಎಂದು ನಾನು ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ. ಬೈಯುವವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರನ್ನು ಕೇಳಲಿ. ಪಿಂಚಣಿ ಬಾಕಿಯ ಕೇಸು ಗೆದ್ದು ಮೈಸೂರುಪಾಕು ಹಂಚಿದ್ದರು. ಆಮೇಲೆ ದೆಹಲಿಯಿಂದ ದಪ್ಪ ಲಕೋಟೆ ಬಂತು. ಇಲಾಖೆಗೆ ಓಡಿದರೆ, ಅಲ್ಲಿದ್ದವರು ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಹೇಳಿದರಂತೆ: ‘ನಿಮ್ಮದು ನ್ಯಾಯ ಇದೆ ಮೇಷ್ಟ್ರೇ. ಆದ್ರೆ ಅಪೀಲು ಬೇಡ ಅಂತ ನಾನು ಷರಾ ಬರೆದ್ರೆ ನಾಳೆ ಆಡಿಟ್‌ನೋರು ನನ್ನ ಕುತ್ತಿಗೇನೇ ಹಿಡೀತಾರೆ. ಅಲ್ಲಿ ವಜಾ ಆಗ್ಲಿ ಬಿಡಿ, ಮಾರನೇ ದಿನವೇ ಬಿಲ್ ಮಾಡಿಸ್ತೀನಿ.’ ದೆಹಲಿಯ ವಕೀಲರು ಕೇಳಿದ ಫೀಸು ಮೇಷ್ಟ್ರ ಮೂರು ತಿಂಗಳ ಪಿಂಚಣಿ!

ನ್ಯಾಯಮೂರ್ತಿಗಳಿಗೆ ಈ ನಾಟಕ ಗೊತ್ತಿಲ್ಲವೆಂದಲ್ಲ. ಹೈಕೋರ್ಟ್ ತೀರ್ಪಿನ ವಿರುದ್ಧ ಬರಲು 90 ದಿನ ಗಡುವಿದೆ. ಮಧ್ಯಪ್ರದೇಶ ಸರ್ಕಾರ ಒಂದು ಪ್ರಕರಣದಲ್ಲಿ 663 ದಿನ ತಡವಾಗಿ ಬಂತು. 2020ರ ಅಕ್ಟೋಬರ್‌ನಲ್ಲಿ ನ್ಯಾ. ಸಂಜಯ್ ಕಿಶನ್ ಕೌಲ್ ಅವರಿದ್ದ ಪೀಠ ಇಂಥವನ್ನು ‘ಸರ್ಟಿಫಿಕೇಟ್ ಕೇಸು’ ಎಂದೇ ಕರೆಯಿತು. ವಜಾ ಆಯಿತೆಂದು ಸರ್ಟಿಫಿಕೇಟ್ ಪಡೆದು, ನಮ್ಮ ಕೈಲಾದದ್ದು ಮಾಡಿದೆವೆಂದು ಕಡತ ಮುಚ್ಚುವ ಉಪಾಯ. ಪೀಠ 25,000 ರೂಪಾಯಿ ದಂಡ ಹಾಕಿ, ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಿ ಎಂದಿತು.

ತಮಾಷೆಯೆಂದರೆ, ಆ ಸರ್ಟಿಫಿಕೇಟೂ ಗಟ್ಟಿಯಲ್ಲ. ಕಾರಣ ಕೊಡದೆ ಅನುಮತಿ ನಿರಾಕರಿಸಿದ ಮಾತ್ರಕ್ಕೆ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದಂತಲ್ಲ. ಸೋತವರು ಮತ್ತೆ ಹೈಕೋರ್ಟ್‌ಗೇ ಹೋಗಿ ಪುನರ್‌ಪರಿಶೀಲನೆ ಕೋರಬಹುದು. ಖೋಡೆ ಡಿಸ್ಟಿಲರೀಸ್ ಮತ್ತು ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ವ್ಯಾಜ್ಯದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿತು. ಮೇಷ್ಟ್ರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಪರಿಹಾರಕ್ಕೆ ಆಯೋಗ, ಸಮಿತಿ ಯಾವುದೂ ಬೇಡ. ಅಪೀಲಿಗೆ ಷರಾ ಬರೆದವರ ಹೆಸರು ಅರ್ಜಿಯ ಮೊದಲ ಪುಟದಲ್ಲೇ ಇರಲಿ. ವಜಾ ಆದರೆ ಎದುರಿನವರ ವಕೀಲರ ಫೀಸನ್ನು ಅವರ ಸಂಬಳದಲ್ಲೇ ಮುರಿದುಕೊಳ್ಳಿ. ಆಮೇಲೆ ನೋಡಿ, ಹೈಕೋರ್ಟ್ ತೀರ್ಪು ಸರಿಯಾಗಿಯೇ ಇದೆಯೆಂಬ ಜ್ಞಾನೋದಯ ವಿಧಾನಸೌಧದಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲೇ ಆಗುತ್ತದೆ.