ರಟ್ಟಿನ ವ್ಯಾಸಪೀಠ

ಡಲ್ಲಾಸ್ ಮತ್ತು ಫೋರ್ಟ್‌ವರ್ತ್ ನಗರಗಳ ನಡುವೆ, 1974ರಲ್ಲಿ ಆರಂಭವಾದ ಮಹಾವಿಮಾನನಿಲ್ದಾಣದ ಮಗ್ಗುಲಲ್ಲೇ ಇರುವ ಯೂಲೆಸ್ ಎಂಬ ಈ ಊರಿನಲ್ಲಿ, ನಮ್ಮಂಥ ಕನ್ನಡ ಕುಟುಂಬಗಳ ಮನೆಬಾಗಿಲಿಗೆ ವಾರಕ್ಕೆರಡಾದರೂ ರಟ್ಟಿನ ಪೆಟ್ಟಿಗೆಗಳು ಬಂದಿಳಿಯುತ್ತವೆ. ಒಳಗಿನ ವಸ್ತುವನ್ನು ಹೊರತೆಗೆದೊಡನೆಯೇ ಪೆಟ್ಟಿಗೆ ಕಸವೆನಿಸಿಕೊಳ್ಳುತ್ತದೆ. ಟ್ಯಾಬ್ಲೆಟ್ಟನ್ನು ಒರಗಿಸಿಡಲು ಮೇಜಿಗೊಂದು ಸ್ಟ್ಯಾಂಡು ಬೇಕೆಂದು ನನ್ನ ಮೊಮ್ಮಗಳು ಕೇಳಿದಾಗ, ಇನ್ನೊಂದು ಪೆಟ್ಟಿಗೆಯನ್ನು ಬರಮಾಡಿಕೊಳ್ಳುವ ಬದಲು, ಇರುವ ಪೆಟ್ಟಿಗೆಯಿಂದಲೇ ಅದನ್ನು ಮಾಡೋಣವೆಂದು ನಾನು ಹೇಳಿದೆನು. ನಮ್ಮ ಮಕ್ಕಳಿಗೆ ಅಕ್ಷರವನ್ನು ಕಲಿಸುವ ನಾವು ಅಕ್ಷರಕ್ಕೆ ಆಸರೆಯಾದ ಉಪಕರಣಗಳನ್ನು ಕೈಯಾರ ಮಾಡುವುದನ್ನೂ ಕಲಿಸಬೇಕೆಂಬ ನನ್ನ ಅಭಿಪ್ರಾಯವು ಅಂದಿನಿಂದ ದೃಢವಾಗಿದೆ.

ನಮ್ಮ ಪೂರ್ವಿಕರಿಗೆ ಈ ವಿದ್ಯೆ ಸಹಜವಾಗಿತ್ತು. ಒಂದೇ ಹಲಗೆಯನ್ನು ದಪ್ಪದಲ್ಲಿ ಸೀಳಿ, ನಡುವೆ ಹಲ್ಲುಹಲ್ಲಾಗಿ ಕೊರೆದು, ಮೊಳೆಯ ಹಂಗಿಲ್ಲದೆ ಬಿಚ್ಚಿ ಮಡಿಸುವಂತೆ ಮಾಡಿದ, ಗ್ರಂಥವನ್ನಿರಿಸಿ ಓದುವ ವ್ಯಾಸಪೀಠವನ್ನು ಪಾರಾಯಣದ ಮನೆಗಳಲ್ಲಿ ನೋಡದವರಾರು? ಶಾನುಭೋಗರ ಲೆಕ್ಕಕ್ಕೆ ಆಧಾರವಾಗಿದ್ದ ಕಡತವಂತೂ ಅಡಿಗೆಮನೆಯಿಂದಲೇ ಹುಟ್ಟಿದ ವಸ್ತು: ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದರೆ, ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯುವಂಥ ಪುಸ್ತಕವು ಸಿದ್ಧವಾಗುತ್ತಿತ್ತು. ಇಂದು ಕಚೇರಿಯ ಫೈಲನ್ನು ಕಡತವೆನ್ನುವವರಲ್ಲಿ ಎಷ್ಟು ಮಂದಿಗೆ ಆ ಕಪ್ಪು ಬಟ್ಟೆಯ ನೆನಪಿದೆಯೋ!

ಅಂಥ ವ್ಯಾಸಪೀಠವನ್ನೇ ರಟ್ಟಿನಲ್ಲಿ ಮಾಡಹೊರಟ ನಮ್ಮ ಮೊದಲ ಯತ್ನ ಕೆಟ್ಟಿತು. ರಟ್ಟನ್ನು ಅಡ್ಡಲಾಗಿ ಕತ್ತರಿಸಿದ್ದೆವಾದ್ದರಿಂದ, ಟ್ಯಾಬ್ಲೆಟ್ಟನ್ನು ಇಟ್ಟೊಡನೆ ಪೀಠವು ನಡುವಿನಲ್ಲೇ ಬಾಗಿ ಕುಸಿಯಿತು. ಅಂಚನ್ನು ಬೆಳಕಿಗೆ ಹಿಡಿದು ನೋಡಿದಾಗ, ಎರಡು ಹಾಳೆಗಳ ನಡುವೆ ಅಲೆಅಲೆಯಾಗಿ ಬಾಗಿರುವ ಕಾಗದವು ಕಂಡಿತು. ಸೀಸೆಗಳೂ ದೀಪದ ಗಾಜುಗಳೂ ಒಡೆಯದಂತೆ ಸುತ್ತುವುದಕ್ಕಾಗಿ ಇಂಥ ಅಲೆಗಾಗದಕ್ಕೆ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ 1871ರಲ್ಲಿ ಪೇಟೆಂಟು ಪಡೆದನು. ರಟ್ಟಿನ ಬಲವೆಲ್ಲ ಆ ಅಲೆಗಳ ದಿಕ್ಕಿನಲ್ಲಿದೆ. ಅವು ಕೆಳಗಿನಿಂದ ಮೇಲಕ್ಕೆ ನಿಲ್ಲುವಂತೆ ಕತ್ತರಿಸಿದರೆ ರಟ್ಟು ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಹಾಗೆಯೇ ಗೇಣುದ್ದದ ನಾಲ್ಕು ತುಂಡುಗಳನ್ನು ಕತ್ತರಿಸಿ, ಮೈದಾಹಿಟ್ಟಿನ ಅಂಟಿನಿಂದ ಎರಡೆರಡನ್ನು ಜೋಡಿಸಿ, ರಾತ್ರಿಯೆಲ್ಲ ಸೋನಾಮಸೂರಿ ಅಕ್ಕಿಯ ಚೀಲದಡಿಯಲ್ಲಿ ಇರಿಸಿದೆವು. ಮರುದಿನ ಒಂದೊಂದರಲ್ಲಿಯೂ ಬದಿಯಿಂದ ನಡುವಿನವರೆಗೆ ಸೀಳನ್ನು ಕೊಯ್ದು, ಒಂದನ್ನೊಂದರೊಳಗೆ ತೂರಿಸಿ, ಕಾಲುಗಳು ಜಾರದಂತೆ ದಾರವನ್ನು ಬಿಗಿದೆವು. ವ್ಯಾಸಪೀಠವು ನಿಂತಿತು.

ಕೆಲವೇ ಡಾಲರುಗಳಿಗೆ ಸಿಕ್ಕುವ ವಸ್ತುವಿಗೆ ಎರಡು ದಿನ ವ್ಯಯಮಾಡಬೇಕೆ ಎಂಬ ಪ್ರಶ್ನೆಯು ನ್ಯಾಯವಾದುದೇ. ಆದರೆ ಕೊಂಡುತಂದ ವಸ್ತು ಏಕೆ ನಿಲ್ಲುತ್ತದೆಂಬುದನ್ನು ಮಗು ಯೋಚಿಸುವುದಿಲ್ಲ. ಒಮ್ಮೆ ಕುಸಿದದ್ದನ್ನು ತಾನೇ ನಿಲ್ಲಿಸಿದ ಮಗುವಾದರೋ ಅದನ್ನು ಮರೆಯುವುದಿಲ್ಲ. "ತಾತ, ಗೇಣು ಅಂದರೆ ಎಷ್ಟು?" ಎಂದು ಕೇಳಿದವಳು, ಈಗ ತನ್ನ ಕೈಯನ್ನೇ ಚಾಚಿ ಮೇಜನ್ನೂ ಕಿಟಕಿಯನ್ನೂ ಅಳೆಯುತ್ತಾಳೆ. ಪಾಠಪುಸ್ತಕದಿಂದ ಆ ಮಾತು ಅವಳಿಗೆ ಅಷ್ಟು ಹತ್ತಿರವಾಗುತ್ತಿರಲಿಲ್ಲ.

ಡಲ್ಲಾಸ್, ಹೂಸ್ಟನ್, ಆಸ್ಟಿನ್ ನಗರಗಳಲ್ಲಿ ಕನ್ನಡ ತರಗತಿಗಳನ್ನು ಶ್ರದ್ಧೆಯಿಂದ ನಡೆಸುತ್ತಿರುವ ಮಹನೀಯರಲ್ಲಿ ನನ್ನ ವಿನಂತಿಯಿಷ್ಟೆ: ವರ್ಷದಲ್ಲಿ ಒಂದು ದಿನ ಪುಸ್ತಕವನ್ನು ಬದಿಗಿರಿಸಿ, ಪ್ರತಿಯೊಂದು ಮಗುವಿನ ಮುಂದೆಯೂ ಒಂದು ಹಳೆಯ ಪೆಟ್ಟಿಗೆ, ಕತ್ತರಿ, ದಾರ ಮತ್ತು ಒಂದು ಬಟ್ಟಲು ಮೈದಾ ಅಂಟನ್ನು ಇಡಿರಿ.