ಮಾದರಿ ವಿಮಾನವೂ ಮರದ ಲೆಕ್ಕವೂ

ಬಾಲಿಕೆಯರಿಗೆ ಮಾದರಿ ವಿಮಾನವನ್ನು ಕಟ್ಟುವ ವಿದ್ಯೆ ಏತಕ್ಕೆಂದು ಕೇಳುವ ತಾಯಿತಂದೆಗಳು ಈಗಲೂ ಉಂಟು. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಸ್ಥಾಪಿತವಾದುದು 1940ರಲ್ಲಿ. ಜಕ್ಕೂರಿನ ಸರ್ಕಾರಿ ವಿಮಾನ ಶಿಕ್ಷಣ ಶಾಲೆಯಿಂದ ಉಷಾ ಸುಂದರಂ ಎಂಬ ಮಹಿಳೆಯು ತೇರ್ಗಡೆ ಹೊಂದಿ ಹೊರಬಂದುದು 1949ರಲ್ಲಿ. ಆದುದರಿಂದ ಆ ಪ್ರಶ್ನೆಗೆ ನಮ್ಮ ನಾಡು ಬಹಳ ಹಿಂದೆಯೇ ಉತ್ತರವನ್ನು ಕೊಟ್ಟಿರುತ್ತದೆ. ಇಲ್ಲಿ ನಾನು ವಿಚಾರಮಾಡಬಯಸುವುದು ಬೇರೊಂದು ಪ್ರಶ್ನೆಯನ್ನು. ವಿಮಾನಕ್ಕೆ ಬೇಕಾದ ಮರವನ್ನು ಲೆಕ್ಕಹಾಕತಕ್ಕವರು ಯಾರು, ಕೊಳ್ಳತಕ್ಕವರು ಯಾರು? ತಂದೆಯು ಹಣದ ಚೀಲವನ್ನು ಬಿಚ್ಚುವ ಮೊದಲು ತರಗತಿಯ ಹುಡುಗಿಯರೆಲ್ಲರೂ ಕೂಡಿ ಕುಳಿತು ಒಂದೇ ಅಂದಾಜುಪಟ್ಟಿಯನ್ನು ಬರೆಯಬೇಕು. ಆ ಪಟ್ಟಿಯಂತೆ ಎಲ್ಲರಿಗಾಗಿ ಒಂದೇ ಸಲ ಕೊಳ್ಳಬೇಕು. ಇದು ನನ್ನ ದೃಢವಾದ ಅಭಿಪ್ರಾಯ.

ಮಾದರಿ ವಿಮಾನಕ್ಕೆ ಬಳಸುವ ಬಾಲ್ಸಾ ಮರವು ನಮ್ಮ ಕಾಡಿನದಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ ಅದು ಹೆಚ್ಚಾಗಿ ಬರುತ್ತದೆ. ಆದರೂ ಕುಲದಲ್ಲಿ ಅದು ನಮ್ಮ ಬೂರುಗದ ಮರಕ್ಕೆ ನೆಂಟನು. ಸ್ಪ್ಯಾನಿಷ್ ಭಾಷೆಯಲ್ಲಿ ಬಾಲ್ಸಾ ಎಂದರೆ ತೆಪ್ಪ. 1947ರಲ್ಲಿ ನಾರ್ವೆ ದೇಶದ ಥಾರ್ ಹೆಯರ್‌ಡಾಲ್ ಈ ಮರದ ಒಂಬತ್ತು ದಿಮ್ಮಿಗಳಿಂದ ತೆಪ್ಪವನ್ನು ಕಟ್ಟಿ, ಪೆರು ದೇಶದಿಂದ ಹೊರಟು 101 ದಿನಗಳಲ್ಲಿ ಪಾಲಿನೇಷಿಯದ ದ್ವೀಪಗಳನ್ನು ಮುಟ್ಟಿದನು. ಎರಡನೆಯ ಮಹಾಯುದ್ಧದ ಕಾಲದ ಮಾಸ್ಕಿಟೊ ವಿಮಾನದ ಒಡಲಿನಲ್ಲಿ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಇದ್ದುದೂ ಇದೇ ಮರ. ತೇಗವು ಒಂದು ಘನ ಮೀಟರಿಗೆ ಸುಮಾರು 650 ಕಿಲೋಗ್ರಾಂ ತೂಗಿದರೆ ಬಾಲ್ಸಾ ಸಾಮಾನ್ಯವಾಗಿ 100ರಿಂದ 200 ಕಿಲೋಗ್ರಾಂ ತೂಗುತ್ತದೆ. ಒಂದೇ ಹೆಸರಿನ ಮರದ ತೂಕವು ಹೀಗೆ ಒಂದು ಹಲಗೆಗೂ ಇನ್ನೊಂದಕ್ಕೂ ಇಮ್ಮಡಿಯಾಗುವುದೇ ಕೊಳ್ಳುವವರಿಗಿರುವ ಮುಖ್ಯವಾದ ತೊಡಕು.

ಎರಡನೆಯ ತೊಡಕು ದೂರ. ನಮ್ಮ ತಾಲ್ಲೂಕುಗಳ ಸಾಮಿಲ್ಲುಗಳಲ್ಲಿ ತೇಗ, ಹಲಸು, ಸಿಲ್ವರ್ ಓಕ್ ಮರಗಳು ದೊರೆಯುವಂತೆ ಬಾಲ್ಸಾ ದೊರೆಯದು. ಬೆಂಗಳೂರಿನಿಂದ ತರಬೇಕು, ಇಲ್ಲವೆ ಅಂಚೆಯಲ್ಲಿ ತರಿಸಬೇಕು. ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರಿನ ರೈಲು 2017ರಿಂದ ಒದಗಿತು. ಹೊಳೆನರಸೀಪುರವು ಮೈಸೂರಿನ ರೈಲುಮಾರ್ಗದಲ್ಲಿದೆ. ಅರಕಲಗೂಡಿನವರಾದರೋ ಬಸ್ಸನ್ನೇ ನಂಬಬೇಕು. ಹೀಗಿರುವಾಗ ಪ್ರತಿಯೊಬ್ಬಳೂ ತನ್ನ ಮರವನ್ನು ತಾನೇ ತರಲೆಂದು ಹೇಳಿಬಿಟ್ಟರೆ, ಬೆಂಗಳೂರಿನಲ್ಲಿ ಚಿಕ್ಕಪ್ಪನೋ ಸೋದರಮಾವನೋ ಇರುವ ಹುಡುಗಿಗೆ ವಿಮಾನ. ಅಂತಹ ನೆಂಟರಿಲ್ಲದವಳಿಗೆ ಅಂಟಿನ ಬಟ್ಟಲನ್ನು ಹಿಡಿದು ಪಕ್ಕದಲ್ಲಿ ನಿಲ್ಲುವ ಕೆಲಸ. ವಿದ್ಯೆಯಲ್ಲಿ ಇಂತಹ ಪಂಕ್ತಿಭೇದವು ಸಲ್ಲದು.

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗುವುದು. ಇಪ್ಪತ್ತು ಹುಡುಗಿಯರ ತರಗತಿಯಲ್ಲಿ ಒಬ್ಬೊಬ್ಬಳೂ ಕೈಯಿಂದ ಎಸೆದು ಹಾರಿಸುವ ಸಣ್ಣ ಮಾದರಿಯೊಂದನ್ನು ಕಟ್ಟುವಳೆಂದು ಇಟ್ಟುಕೊಳ್ಳಿರಿ. ಒಂದೊಂದು ರೆಕ್ಕೆಯು 22 ಸೆಂಟಿಮೀಟರು ಉದ್ದ, 8 ಅಗಲ. ಇದಕ್ಕೆ 3 ಮಿಲಿಮೀಟರು ದಪ್ಪದ ಹಲಗೆ. ಬಾಲದ ಅಡ್ಡಪಟ್ಟಿ 18ಕ್ಕೆ 5, ನಿಂತಿರುವ ಬಾಲ 5ಕ್ಕೆ 5. ಇವೆರಡಕ್ಕೂ ಒಂದೂವರೆ ಮಿಲಿಮೀಟರಿನ ಹಲಗೆ. ಒಡಲಿಗೆ 40 ಸೆಂಟಿಮೀಟರಿನ ಪಟ್ಟಿ. ಒಂದು ಮೀಟರು ಉದ್ದ, 10 ಸೆಂಟಿಮೀಟರು ಅಗಲದ ಹಲಗೆಯಲ್ಲಿ ನಾಲ್ಕು ರೆಕ್ಕೆಗಳು, ಎಂದರೆ ಇಬ್ಬರ ವಿಮಾನಗಳಿಗೆ ಸಾಕಾಗುವಷ್ಟು, ಹೊರಡುತ್ತವೆ. ಹಾಗಾದರೆ ಇಪ್ಪತ್ತು ಮಂದಿಗೆ ದಪ್ಪ ಹಲಗೆ 10. ತೆಳು ಹಲಗೆಯೊಂದರಲ್ಲಿ ಅಡ್ಡಪಟ್ಟಿಗಳು ಹತ್ತು ಹೊರಟು, ಉಳಿದ ತುದಿಯಲ್ಲಿ ನಿಂತ ಬಾಲಗಳು ನಾಲ್ಕು ಹೊರಡುತ್ತವೆ. ಆದುದರಿಂದ ತೆಳು ಹಲಗೆ 3 ಸಾಕು, ಮೂರನೆಯದರಲ್ಲಿ 70 ಸೆಂಟಿಮೀಟರು ಮಿಗುವುದು. ಮೀಟರು ಉದ್ದದ ಪಟ್ಟಿಯಲ್ಲಿ ಇಬ್ಬರಿಗೆ ಒಡಲು, ಪಟ್ಟಿ 10. ಮುರಿದುಹೋಗುವುದಕ್ಕೆಂದು ಹತ್ತಕ್ಕೆ ಒಂದನ್ನು ಹೆಚ್ಚಿಗೆ ಇಟ್ಟರೆ ದಪ್ಪ ಹಲಗೆ 11, ತೆಳು ಹಲಗೆ 3, ಪಟ್ಟಿ 11. ಒಟ್ಟು 25 ತುಂಡು. ಬೇರೆ ಬೇರೆ ಕೊಂಡರೆ ಒಬ್ಬೊಬ್ಬಳಿಗೂ ಮೂರರಂತೆ 60 ತುಂಡು ಕೊಳ್ಳಬೇಕಾಗುತ್ತಿತ್ತು. ಅರ್ಧಕ್ಕಿಂತ ಹೆಚ್ಚಿನ ಹಣವನ್ನು ಉಳಿಸಿಕೊಟ್ಟುದು ಯಾವ ಅಂಗಡಿಯವನ ರಿಯಾಯಿತಿಯೂ ಅಲ್ಲ, ಪೆನ್ಸಿಲು ಮತ್ತು ಅಳತೆಪಟ್ಟಿ.

ಈ ವಿದ್ಯೆಯು ನಮ್ಮ ಹೆಣ್ಣುಮಕ್ಕಳಿಗೆ ಹೊಸದೆಂದು ತಿಳಿಯಬಾರದು. ಹೊಲಿಗೆಯ ತರಗತಿಯಲ್ಲಿ ಲಂಗಕ್ಕೆ ಬಟ್ಟೆಯನ್ನು ಕತ್ತರಿಸುವ ಮುನ್ನ ಕಾಗದದ ನಮೂನೆಗಳನ್ನು ಅದರ ಮೇಲೆ ಹರಡಿ, ಅತ್ತಿತ್ತ ಸರಿಸಿ, ಚೂರು ಕಡಮೆಯಾಗುವಂತೆ ಹೊಂದಿಸುವುದನ್ನು ಕಲಿತವರು ನೀವೆಲ್ಲರೂ. ನೂಲಿನ ಓಟಕ್ಕೆ ವಿರೋಧವಾಗಿ ಕತ್ತರಿಸಿದ ಬಟ್ಟೆಯು ಜೋತುಬೀಳುವಂತೆ, ಎಳೆಗೆ ಅಡ್ಡವಾಗಿ ಕತ್ತರಿಸಿದ ರೆಕ್ಕೆಯು ಮೊದಲನೆಯ ಎಸೆತದಲ್ಲಿಯೇ ಮುರಿಯುತ್ತದೆ. ರೆಕ್ಕೆಯ ಉದ್ದವು ಮರದ ಎಳೆಯ ಉದ್ದಕ್ಕೇ ಇರಬೇಕು. ಹಲಗೆಯ ಅಳತೆಗೆ ಹಳೆಯ ವೃತ್ತಪತ್ರಿಕೆಯನ್ನು ಕತ್ತರಿಸಿ, ಅದರ ಮೇಲೆ ಭಾಗಗಳನ್ನು ಬರೆದು ನೋಡಿದ ತರುವಾಯವೇ ಪಟ್ಟಿಗೆ ಸಂಖ್ಯೆಯನ್ನು ಏರಿಸತಕ್ಕದ್ದು.

ಕೊಳ್ಳುವಾಗ ತಕ್ಕಡಿಯು ಕಣ್ಣಿಗಿಂತ ನಂಬಿಕೆಗೆ ಯೋಗ್ಯವಾದುದು. ಮೇಲೆ ಹೇಳಿದ ದಪ್ಪ ಹಲಗೆಯ ಗಾತ್ರವು 300 ಘನ ಸೆಂಟಿಮೀಟರು. ಅದು 30 ಗ್ರಾಂ ತೂಗಿದರೆ ಬಹಳ ಹಗುರ. 60 ತೂಗಿದರೆ ಬಿರುಸು. ಮೊದಲನೆಯದರಿಂದ ಮಾಡಿದ ರೆಕ್ಕೆಯ ಜೋಡಿಯು ಸುಮಾರು ಹತ್ತೂವರೆ ಗ್ರಾಂ ತೂಗುತ್ತದೆ, ಎರಡನೆಯದರಿಂದ ಮಾಡಿದುದು 21. ಹಗುರವಾದುದು ರೆಕ್ಕೆಗೂ ಬಾಲಕ್ಕೂ, ಬಿರುಸಾದುದು ಒಡಲಿಗೂ ಸಲ್ಲುತ್ತದೆ. ಒಂದು ವಿಮಾನದ ಎರಡು ರೆಕ್ಕೆಗಳನ್ನೂ ಒಂದೇ ಹಲಗೆಯಿಂದ ತೆಗೆಯತಕ್ಕದ್ದು. ಇಲ್ಲವಾದರೆ ಒಂದು ಪಕ್ಕವು ಭಾರವಾಗಿ ವಿಮಾನವು ವಾಲಿಬೀಳುವುದು. ಹಲಗೆಯ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ತಿರುಚಿದೆಯೋ ಎಂದು ನೋಡಬೇಕು. ಮೇಲ್ಮೈಯಲ್ಲಿ ಮಿನುಗುವ ಸಣ್ಣ ಮಚ್ಚೆಗಳಿದ್ದರೆ ಅದು ಬಾಗದೆ ನಿಲ್ಲುವ ಹಲಗೆ, ಬಾಲಕ್ಕೆ ಒಳ್ಳೆಯದು. ಉದ್ದನೆಯ ಗೆರೆಗಳೇ ಕಂಡರೆ ಸುಲಭವಾಗಿ ಬಾಗುವುದು. ಅಂಚೆಯಲ್ಲಿ ಬಂದುದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ತೂಗಿ, ತೂಕವನ್ನು ಹಲಗೆಯ ಮೇಲೆಯೇ ಪೆನ್ಸಿಲಿನಿಂದ ಬರೆದಿಟ್ಟು ಬಳಿಕ ಹಂಚಬೇಕು.

ಪರದೇಶದ ಮರವೇಕೆ, ನಮ್ಮ ಬಿದಿರು ಕಾಗದಗಳು ಸಾಲವೆ ಎಂದು ಕೆಲವರು ಕೇಳಬಹುದು. ಮೊದಲ ಪಾಠಕ್ಕೆ ಅವು ನಿಶ್ಚಯವಾಗಿಯೂ ಸಾಕು. ರಟ್ಟಿನ ಮಾದರಿಯು ಹಾರಿದ ಮೇಲೆಯೇ ಬಾಲ್ಸಾ ಮರದ ಮಾತನ್ನೆತ್ತಬೇಕೆಂದು ನಾನೂ ಹೇಳುತ್ತೇನೆ. ಭಾಗಗಳನ್ನೆಲ್ಲ ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟು ಮಾರುವ ಸಿದ್ಧ ಸಾಮಗ್ರಿಯನ್ನು ಕೊಂಡರೆ ಶ್ರಮವಿಲ್ಲವಲ್ಲಾ ಎಂಬುದು ಇನ್ನೊಂದು ಮಾತು. ಶ್ರಮವಿಲ್ಲವೆಂಬುದು ನಿಜ, ಆದರೆ ಅಳೆಯುವ, ಹೊಂದಿಸುವ, ತೂಗುವ ವಿದ್ಯೆಯನ್ನೆಲ್ಲ ಆಗ ಕಾರ್ಖಾನೆಯವನೇ ಕಲಿತನು. ನಮ್ಮ ಮಗುವಿಗೆ ಉಳಿದುದು ಅಂಟು ಹಚ್ಚುವುದು ಮಾತ್ರ.

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ. ಮಗಳು ವಿಮಾನಕ್ಕೆಂದು ಹಣವನ್ನು ಕೇಳಿದಾಗ, ಎಷ್ಟು ಎಂದು ಕೇಳುವ ಮೊದಲು ಪಟ್ಟಿ ಎಲ್ಲಿ ಎಂದು ಕೇಳಿರಿ. ಬೆಂಗಳೂರಿನಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಹಿಡಿದು ಅಂಗಡಿಗೆ ಹೋಗಿ, ಹಲಗೆಗಳನ್ನು ತೂಗಿ ಆರಿಸಿ, ಎರಡು ರಟ್ಟುಗಳ ನಡುವೆ ಭದ್ರವಾಗಿ ಕಟ್ಟಿ ಕಳುಹಿಸಲಿ. ಆಗ ಅರಕಲಗೂಡಿನ ಹುಡುಗಿಯ ಕೈಗೂ ಹಾಸನದ ಹುಡುಗಿಯ ಕೈಗೂ ಒಂದೇ ದಿನ, ಒಂದೇ ತೂಕದ ಮರವು ಬಂದು ಸೇರುವುದು.